ಎಡಕ್ಕೆ ತಿರುಗುವ ನಿರಿಗೆ

ಬೆಳಕು ಹರಿಯುವ ಮುನ್ನವೇ ಹಿಂಬದಿಯ ಕೋಣೆಯಿಂದ ಧಡ್, ಧಡ್ ಎಂಬ ಸದ್ದು. ಗಂಡ ನೂಡಲ್ಸ್‌ಗೆಂದು ನಾದಿದ ಹಿಟ್ಟನ್ನು ಮೇಜಿಗೆ ಬಡಿದು, ಎಳೆದು, ಮಡಿಚಿ, ಮತ್ತೆ ಎಳೆಯುತ್ತಿದ್ದಾರೆ. ಪಕ್ಕದಲ್ಲಿ ಹೆಂಡತಿ ಹಬೆಯಲ್ಲಿ ಬೇಯಿಸುವ ಪುಟ್ಟ ಕಡುಬು, ಡಿಮ್ ಸಮ್ ಮಡಿಚುತ್ತಿದ್ದಾರೆ. ಅಂಗೈಯಲ್ಲಿ ಹಿಟ್ಟಿನ ತೆಳ್ಳನೆಯ ಹಾಳೆ, ಅದರೊಳಗೆ ಒಂದು ಚಮಚೆ ಎಲೆಕೋಸು, ಅಣಬೆ, ಶುಂಠಿಯ ಹೂರಣ, ಅಂಚಿಗೆ ಸರಸರನೆ ನಿರಿಗೆ. ನಿರಿಗೆಗಳು ಎಡಕ್ಕೆ ತಿರುಗಿವೆ. ನನಗೆ ನಿಂತಲ್ಲೇ ಕುಣಿಯಬೇಕೆನಿಸುತ್ತದೆ. ಅಂತೂ ಸಿಕ್ಕರು!

ಒಳ್ಳೆಯ ಡಿಮ್ ಸಮ್ ಎಲ್ಲೋ ಸಿಗುತ್ತದಂತೆ ಎಂದರೆ ಸಾಕು, ಆಗಷ್ಟೇ ಉಂಡೆದ್ದಿದ್ದರೂ ಚಪ್ಪಲಿ ಮೆಟ್ಟುವವನು ನಾನು. ಬಸ್ ನಿಲ್ದಾಣದ ಬಳಿ, ಸೇತುವೆಯ ಕೆಳಗೆ, ಚಿತ್ರಮಂದಿರದ ಎದುರು ಇರುವ ಮೂರು ಪುಟ್ಟ ಹೋಟೆಲುಗಳಲ್ಲೂ ಒಂದೇ ರುಚಿ, ಮೂರರಲ್ಲೂ ನಿರಿಗೆ ಎಡಕ್ಕೆ. ಬೇರೆಲ್ಲ ಕಡೆ ಬಲಕ್ಕೆ. ಕೇಳಿದರೆ ಮೂವರು ಮಾಲೀಕರೂ "ನಮ್ಮ ಅಡುಗೆಮನೇದೇ ಸಾರ್" ಎಂದು ಎದೆ ತಟ್ಟಿಕೊಂಡರು. ಕೊನೆಗೆ ಬಾಯಿಬಿಟ್ಟವನು ಸೈಕಲ್ಲಿನಲ್ಲಿ ಬುಟ್ಟಿ ಸಾಗಿಸುವವನು. "ಎಡಗೈ ಅಕ್ಕನ ಕೈಕೆಲ್ಸ ಸಾರ್. ಯಾರ್ಗೂ ಹೇಳ್ಬೇಡಿ." ಈಗ ಪತ್ರಿಕೆಯಲ್ಲೇ ಹೇಳುತ್ತಿದ್ದೇನೆ, ಅವನ ಕ್ಷಮೆಯಿರಲಿ.

ಈಗ ನನ್ನೆದುರು ನಿರಿಗೆ ಹಿಡಿಯುತ್ತಿರುವ ಈ ಎಡಗೈ ಅಕ್ಕ ಕೆಲಸ ಕಲಿತದ್ದು ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತ. "ನೋಡ್ತಾ ನೋಡ್ತಾ ಕಲ್ತೆ. ದೊಡ್ಡ ಬಾಣಸಿಗರು ‘ಇದೇನಮ್ಮ, ಎಲ್ಲಾ ಉಲ್ಟಾ’ ಅಂತ ಬೈದ್ರು. ತಿಂದ್ ನೋಡಿ ಸುಮ್ನಾದ್ರು" ಎಂದು ನಗುತ್ತಾರೆ. ಅಂದಿನಿಂದಲೂ ದುಡಿಮೆಯೆಲ್ಲ ಗೋಡೆಯ ಹಿಂದೆಯೇ, ಈಗ ಈ ಬಾಡಿಗೆ ಮನೆಯ ಹಿಂಬದಿಯಲ್ಲಿ. ದಿನಕ್ಕೆ ಆರುನೂರು ಡಿಮ್ ಸಮ್‌ಗೆ ಕಡಿಮೆಯಿಲ್ಲ. ಚಳಿಗೆ ಬೆರಳು ಸೆಟೆದುಕೊಂಡರೆ ಹಬೆಯ ಮೇಲೆ ಹಿಡಿದು ಮತ್ತೆ ಶುರು. "ನಾನ್ ಮಾಡಿದ್ದನ್ನ ಯಾರಾದ್ರೂ ಬಿಸಿಬಿಸಿ ತಿನ್ನೋದನ್ನ ಇವತ್ತಿನವರ್ಗೂ ನೋಡಿಲ್ಲ ಕಣ್ರೀ."

ಇಂದು ನೋಡುವ ದಿನ. ಬೀದಿ ಬದಿಯ ಕೋಣೆ ತೆರೆದು ನಾಲ್ಕು ಸ್ಟೂಲು ಹಾಕಿದ್ದಾರೆ. ಮನೆಯ ಮಾಲೀಕರು ಆ ಕೋಣೆಯನ್ನು ಒಂದು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ. ವ್ಯಾಪಾರ ಕುದುರಿದರೆ ಸ್ವಂತ ಅಂಗಡಿ, ಇಲ್ಲವಾದರೆ ಮತ್ತೆ ಗೋಡೆಯ ಹಿಂದೆ.

ಸೈಕಲ್ಲಿನವನು ಎಂದಿನಂತೆ ಬುಟ್ಟಿಗಳನ್ನು ಕಟ್ಟಿಕೊಂಡು ಹೊರಡುತ್ತಾನೆ. ಬಾಗಿಲು ತೆಗೆದರೆ ಆಗಲೇ ಗಿರಾಕಿಗಳು ನಿಂತಿದ್ದಾರೆ! ಒಲೆಯ ಮೇಲೆ ನೀರು ಕುದಿಯುತ್ತಿದೆ. ಅಕ್ಕ ತಮ್ಮದೇ ಬುಟ್ಟಿಗಾಗಿ ಅತ್ತಿತ್ತ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಮಡಿಚಿದ್ದನ್ನೆಲ್ಲ ಕಟ್ಟಿ ಕಳಿಸುವುದು ಕೈಗೆ ಅಂಟಿದ ಅಭ್ಯಾಸ. ಸ್ವಂತ ಅಂಗಡಿಗೆಂದು ಎತ್ತಿಟ್ಟದ್ದನ್ನೂ ತಾವೇ ಕಟ್ಟಿ ಕಳಿಸಿಬಿಟ್ಟಿದ್ದಾರೆ.

"ಅಯ್ಯೋ, ನಮ್ದೂ ಹೋಯ್ತಲ್ಲ ರೀ!"

ಗಂಡ ಹಿಟ್ಟು ಬಡಿಯುವುದನ್ನು ನಿಲ್ಲಿಸುವುದಿಲ್ಲ. "ಹೋದ್ರೆ ಹೋಯ್ತು. ಹಿಟ್ಟಿದೆ, ಹೂರಣ ಇದೆ, ಕೈ ಇದೆ. ಇಲ್ಲೇ ಬಾಗ್ಲಲ್ಲಿ ಕೂತು ಮಾಡು. ಅಲ್ಲೀವರ್ಗೂ ನನ್ ನೂಡಲ್ಸ್ ತಿಂತಿರ್ತಾರೆ."

ಡಿಮ್ ಸಮ್ ಮಡಿಚುವ ಹಲಗೆ ಬಾಗಿಲಿಗೆ ಬರುತ್ತದೆ. ಮೊದಲು ಅಕ್ಕನ ಕೈಯಲ್ಲಿ ಎರಡು ಹಾಳೆ ಹರಿಯುತ್ತವೆ. ಆಮೇಲೆ ನೋಡಿ ಆ ಕೈಚಳಕ! ಬಟ್ಟಲು ಹಿಡಿದವರು ನೂಡಲ್ಸನ್ನು ಸುರ್ರೆಂದು ಎಳೆಯುತ್ತಲೇ ಅವರ ಬೆರಳಿನ ಮೇಲಿಂದ ಕಣ್ಣು ಕೀಳುವುದಿಲ್ಲ. ದಾರಿಹೋಕರೂ ನಿಲ್ಲುತ್ತಾರೆ. ಸ್ಟೂಲು ಸಾಲದೆ ನಾನು ಎದ್ದು ಜಾಗ ಬಿಡುತ್ತೇನೆ, ಹೊಟ್ಟೆಯುರಿಯಿಂದಲೇ.

ಹಬೆಯಲ್ಲಿ ಬೆಂದ ಮೊದಲ ಬುಟ್ಟಿಯ ಮುಚ್ಚಳ ತೆಗೆಯುತ್ತಾರೆ. ವ್ಯಾನ್ ಚಾಲಕನೊಬ್ಬ ಒಂದನ್ನೆತ್ತಿ, ನಿರಿಗೆ ನೋಡಿ, ಬಾಯಿಗಿಟ್ಟು, ಬಿಸಿಗೆ ಉಫ್ ಉಫ್ ಎನ್ನುತ್ತ ಕಣ್ಣರಳಿಸುತ್ತಾನೆ.

"ಅಕ್ಕಾ, ಬಸ್ ಸ್ಟ್ಯಾಂಡ್ ಹೋಟ್ಲವ್ನು ನಿಮ್ದನ್ನ ಹಂಗಂಗೇ ಕಾಪಿ ಹೊಡೀತಿದಾನೆ!"

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. ಕೆನ್ನೆಗೆಲ್ಲ ಹಿಟ್ಟು.

"ಹೊಡೀಲಿ ಬಿಡಪ್ಪ. ಆರೋಗತ್ತೆ, ಇನ್ನೊಂದ್ ತಿನ್ನು. ನಾನ್ ನೋಡ್ಬೇಕು."