ಮಸೀದಿಯ ಐದು ಪಿಂಗಾಣಿ ಮೊಟ್ಟೆಗಳು

ಕೋವಿಡ್ ಮುಗಿದ ಮರುವರ್ಷ. ಆಗ ನಾನೂ ಸುಧೀಂದ್ರನೂ ಜೆ.ಪಿ. ನಗರದಲ್ಲಿ ಸೆರಾಮಿಕ್ ಕನ್ಸರ್ವೇಷನ್ ಸ್ಟುಡಿಯೊ ನಡೆಸುತ್ತಿದ್ದೆವು; ಅಂದರೆ ಒಡೆದ ಹಳೆಯ ಪಿಂಗಾಣಿ ವಸ್ತುಗಳನ್ನು ಮೂಲ ರೂಪ ಕೆಡದಂತೆ ಸರಿಪಡಿಸುವ ಕೆಲಸ. ಕಾಲೇಜಿನ ಕಾಲದಿಂದ ಜೊತೆಗಿದ್ದವನು ಅವನು. ನನ್ನ ಅಮ್ಮ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟವನು.

ಬನಶಂಕರಿ ಕಡೆಯ ಒಂದು ಸಣ್ಣ ಮಸೀದಿಯಿಂದ ಐದು ಪಿಂಗಾಣಿ ಮೊಟ್ಟೆಗಳು ರಿಪೇರಿಗೆ ಬಂದವು. ನೀಲಿ ಬಳ್ಳಿಯ ಚಿತ್ತಾರವಿದ್ದ ಅವನ್ನು ತೂಗುದೀಪದ ಸರಪಳಿಗೆ ಪೋಣಿಸುತ್ತಿದ್ದರು. ಮಸೀದಿ ನೋಡಿಕೊಳ್ಳುತ್ತಿದ್ದ ಗಫಾರ್ ಸಾಬರು ನಗುತ್ತಾ ವಿವರಿಸಿದರು: “ಎಣ್ಣೆ ಕುಡಿಯೋಕೆ ಇಲಿ ಇಳೀತದಲ್ಲ ಮೇಡಂ, ಇದರ ಮೇಲೆ ಕಾಲಿಟ್ರೆ ಜಾರಿಬಿಡ್ತದೆ. ನಮ್ ತಾತ ಕಟ್ಟಿದ್ದು. ನಿಮ್ಮನ್ನ ನಂಬಿ ಕೊಡ್ತಾ ಇದೀನಿ.”

ಬಿರುಕುಗಳನ್ನು ತುಂಬಿ ಮುಗಿಸಿದಾಗ ಸುಧೀಂದ್ರ, “ಒಂದು ಸೆಟ್ ಕಾಪಿ ಮಾಡು, ಸ್ಟುಡಿಯೊದಲ್ಲಿ ತೋರ್ಸೋಕಾಗುತ್ತೆ” ಎಂದ. ಸಾಬರ ಒಪ್ಪಿಗೆ ಪಡೆದು ಮಾಡಿದೆ. ಆ ನೀಲಿ ಹೊಂದುವವರೆಗೆ ಮತ್ತೆ ಮತ್ತೆ ಆವಿಗೆಯಲ್ಲಿಟ್ಟು ಸುಟ್ಟೆ. ಬಹಳ ಪ್ರೀತಿಯಿಂದ ಮಾಡಿದ ಕೆಲಸವದು.

ಮೂಲ ಮೊಟ್ಟೆಗಳನ್ನು ಪ್ಯಾಕ್ ಮಾಡಿ ಮಸೀದಿಗೆ ತಲುಪಿಸುವ ಹೊಣೆ ಸುಧೀಂದ್ರನದಾಗಿತ್ತು. ತೂಗುಹಾಕುವ ದಿನ ನಾನು ಏಣಿ ಹತ್ತಿ ಮೊದಲನೆಯದನ್ನು ಕೈಗೆತ್ತಿಕೊಂಡೆ. ಹಳೆಯ ಮೊಟ್ಟೆಗಳ ತೂತಿನ ಅಂಚನ್ನು ಸರಪಳಿ ಉಜ್ಜಿ ಉಜ್ಜಿ ಸವೆಸಿತ್ತು. ಇದರ ಅಂಚು ಬೆರಳಿಗೆ ಹೊಸದಾಗಿ, ಚೂಪಾಗಿ ತಾಗಿತು. ಇಳಿದು ಉಳಿದವನ್ನೂ ಮುಟ್ಟಿ ನೋಡಿದೆ. ಐದೂ ನಾನು ಮಾಡಿದವೇ.

ಏಣಿ ಹಿಡಿದಿದ್ದ ಸುಧೀಂದ್ರ ತಲೆ ತಗ್ಗಿಸಿದ. ಹೊರಗೆ ಕರೆದೆ.

“ಒರಿಜಿನಲ್ ಎಲ್ಲಿ?”

“ಹಳೇ ಸಾಮಾನು ಕಲೆಕ್ಟ್ ಮಾಡೋರು ಒಬ್ರು ತಗೊಂಡ್ರು. ಅಷ್ಟು ಮೇಲೆ ಯಾರು ನೋಡ್ತಾರೆ ಹೇಳು? ನೀನು ಮಾಡಿರೋದು ಅಷ್ಟು ಚೆನ್ನಾಗಿದೆ.”

ಆ ಹೊಗಳಿಕೆ ಕೇಳಲು ನಾನು ನಿಲ್ಲಲಿಲ್ಲ. ಒಳಗೆ ಹೋಗಿ, ಅವನ ಎದುರೇ, ಸಾಬರಿಗೆ ಎಲ್ಲವನ್ನೂ ಹೇಳಿದೆ. ಅವರು, “ನಿಮಗೆ ಮೊದ್ಲು ಗೊತ್ತಿರ್ಲಿಲ್ವಾ ಮೇಡಂ?” ಎಂದು ಕೇಳಿದರು. ಇಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ಇಂದಿಗೂ ತಿಳಿಯದು.

ಪೊಲೀಸರಿಗೆ ದೂರು ಹೋಯಿತು. ನಾಲ್ಕು ಮೊಟ್ಟೆಗಳು ಹಾಗೇ ಮರಳಿದವು. ಒಂದು ಚೂರಾಗಿ ಬಂತು. ಅದನ್ನು ಜೋಡಿಸಲು ಮಸೀದಿಯವರು ಬೇರೆಯವರನ್ನು ಕರೆಸಿದರು.

ಈಗ ಒಬ್ಬಳೇ ಕೆಲಸ ಮಾಡುತ್ತೇನೆ. ಈ ವೃತ್ತಿಗೆ ಬರುವವರಿಗೆ ಒಂದೇ ಮಾತು ಹೇಳುತ್ತೇನೆ: ನಕಲು ಮಾಡುವಾಗ ಮಣ್ಣು ಹಸಿಯಿರುವಾಗಲೇ ಅದರ ಮೇಲೆ ‘ನಕಲು’ ಎಂದು ಕೊರೆಯಿರಿ. ಪಕ್ಕದಲ್ಲಿ ಗೆಳೆಯನಿದ್ದರೆ, ಅವನನ್ನು ಶಂಕಿಸಿದಂತಾಗಿ ಸಂಕೋಚವಾಗುತ್ತದೆ. ಆದರೂ ಕೊರೆಯಿರಿ.