ತಮಿಳಿನಲ್ಲಿ ಆಡಿದ ಮಾತು

ಬೀರಪ್ಪನನ್ನು ಮೈಸೂರು ಪೊಲೀಸರ ಕೈಗೆ ಹಿಡಿದುಕೊಟ್ಟದ್ದು ನನ್ನ ಮಾತು. ಅವರು ಹುಡುಕುತ್ತಿದ್ದ ಮನುಷ್ಯ ಅವನಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ — ಇಷ್ಟು ಹೇಳುವುದಕ್ಕೆ ನನಗೆ ಒಂದು ಆಯುಷ್ಯವೇ ಬೇಕಾಯಿತು.

ಮೆಟ್ಟೂರಿನ ಅಣೆಕಟ್ಟು ಆಗಷ್ಟೇ ಮುಗಿದಿತ್ತು. ನಾನು ಧರ್ಮಪುರಿಯಲ್ಲಿ ಕಾನ್‌ಸ್ಟೇಬಲ್. ಮನೆಯಲ್ಲಿ ಕನ್ನಡ, ಸ್ಟೇಷನ್ನಿನಲ್ಲಿ ತಮಿಳು. ಗಡಿಯ ಆಚೆ ಮಹಾರಾಜರ ಸೀಮೆ, ಈಚೆ ಬ್ರಿಟಿಷರದು. ಅಲ್ಲಿ ಕೊಲೆ ಮಾಡಿದವನು ಇಲ್ಲಿಗೆ ಓಡಿಬಂದರೆ ಅವರ ಪೊಲೀಸರು ತಾವೇ ಹಿಡಿಯುವಂತಿರಲಿಲ್ಲ. ನಾವು ಹಿಡಿದು, ನಮ್ಮ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಇವನೇ ಎಂದು ಖಾತ್ರಿಯಾದ ಮೇಲೆ ಒಪ್ಪಿಸಬೇಕು.

ಹಾಗೆ ಮೈಸೂರಿನಿಂದ ಒಬ್ಬ ಪೊಲೀಸ್ ದಫೇದಾರ ಬಂದ. ಕುರಿ ಮೇಯಿಸುವ ಜಗಳದಲ್ಲಿ ಒಬ್ಬನ ತಲೆ ಒಡೆದು ಕೊಂದ ಬೀರಪ್ಪ ಎಂಬವನು ಅವನಿಗೆ ಬೇಕಾಗಿದ್ದ. ಆ ಬೀರಪ್ಪ ನನ್ನ ತಂಗಿಯ ಗಂಡ. ಏರ್ಕಾಡಿನ ಕಾಫಿ ತೋಟದಲ್ಲಿ ಬೇರೆ ಹೆಸರು ಹೇಳಿಕೊಂಡು ಕೂಲಿ ಮಾಡುತ್ತಿದ್ದ. ಅಲ್ಲಿಗೆ ಕರೆದೊಯ್ದು ಬಿಟ್ಟವನು ನಾನೇ.

ನಮ್ಮ ಕುರುಬರಲ್ಲಿ ಬೀರಪ್ಪಂದಿರಿಗೆ ಕೊರತೆಯಿಲ್ಲ. ತೊಪ್ಪೂರು ಘಾಟಿಯ ಕೆಳಗೆ ಮಂದೆ ಹಾಕಿಕೊಂಡಿದ್ದ ಇನ್ನೊಬ್ಬ ಬೀರಪ್ಪ ಪೊಲೀಸರಿಗೆ ಸಿಕ್ಕ. ಅವನೂ ಮೈಸೂರು ಕಡೆಯವನು. ಬಂದು ಹೆಚ್ಚು ದಿನವಾಗಿರಲಿಲ್ಲ, ತಮಿಳು ಬಾರದು. ಹೆಂಡತಿ ಲಕ್ಕಮ್ಮನಿಗೆ "ಸಂಜೀಗ್ ಬತ್ತೀನಿ, ಮರಿ ನೋಡ್ಕೊ" ಅಂದು, ಹೆದರದೆ ನಮ್ಮ ಜೊತೆ ನಡೆದುಬಂದ.

ದಫೇದಾರ ಕೊಲೆಗಾರನ ಮುಖ ಕಂಡವನಲ್ಲ. ಕೋರ್ಟಿನಲ್ಲಿ ಬೀರಪ್ಪ ನನ್ನ ಕಡೆ ತಿರುಗಿ, "ನಾನವ್ನಲ್ಲ. ನೀನಾರಾ ಒಂದ್ ಮಾತ್ ಏಳಣ್ಣ" ಅಂದ. ಮ್ಯಾಜಿಸ್ಟ್ರೇಟರು ತಮಿಳರು. ನಿಮ್ಮ ಜನ ತಾನೆ, ಇವನು ನಿನಗೆ ಗೊತ್ತೇ ಎಂದು ನನ್ನನ್ನೇ ಕೇಳಿದರು.

ಅವನಲ್ಲ ಅಂದಿದ್ದರೆ ಹುಡುಕಾಟ ಮುಂದುವರಿಯುತ್ತಿತ್ತು. ಏರ್ಕಾಡಿನವರೆಗೂ... ತಂಗಿಯ ಮುಖ ಕಣ್ಣಿಗೆ ಕಟ್ಟಿತು — ಇಲ್ಲ, ಅವಳದೊಂದೇ ಅಲ್ಲ, ನನ್ನ ನೌಕರಿಯೂ.

"ತೆರಿಯುಂ ಸಾರ್. ಅಂದ ಆಳ್‌ದಾನ್" ಅಂದೆ. ಗೊತ್ತು, ಆ ಮನುಷ್ಯನೇ ಇವನು.

ಬೀರಪ್ಪನಿಗೆ ಅರ್ಥವಾಗಲಿಲ್ಲ. ತನ್ನ ಪರವಾಗಿ ಮಾತಾಡಿದೆ ಅಂದುಕೊಂಡು ನನಗೆ ಕೈಮುಗಿದ.

ದಫೇದಾರ ಅವನನ್ನು ಮೈಸೂರಿಗೆ ಒಯ್ದು ಜೈಲಿಗೆ ಹಾಕಿಸಿದ. ಕೊಲೆ ಕಂಡ ಸಾಕ್ಷಿಗಳು ಕುರಿಗಳ ಹಿಂದೆ ಊರೂರು ಅಲೆಯುವವರು. ಅವರು ಸಿಕ್ಕಿ, ಇವನಲ್ಲ ಅನ್ನುವಷ್ಟರಲ್ಲಿ ವರ್ಷವೇ ಕಳೆದಿತ್ತು. ಆ ನಡುವೆ ಲಕ್ಕಮ್ಮ ಸ್ಟೇಷನ್ನಿಗೆ ಬಂದಿದ್ದಳು. "ಏನ್ ಮಾಡ್ದ ಸಾಮಿ ಅವ್ನು?" ಅಂದಳು. ಬರುತ್ತಾನೆ ಹೋಗು ಅಂದೆ. ಒಬ್ಬಳೇ ಮಂದೆ ಕಾಯಲಾರದೆ ಕುರಿಗಳನ್ನು ಕಳೆದುಕೊಂಡಳು. ಆಮೇಲೆ ಘಾಟಿ ರಸ್ತೆಗೆ ಜಲ್ಲಿ ಒಡೆಯಲು ಹೋದಳು. ಅಲ್ಲಿ ಚೂರು ಸಿಡಿದು ಒಂದು ಕಣ್ಣು ಹೋಯಿತು.

ನನ್ನ ತಂಗಿಯ ಗಂಡ ಅಷ್ಟರೊಳಗೆ ಸಿಲೋನಿಗೆ ಹಡಗು ಹತ್ತಿದ್ದ. ಅವಳನ್ನು ಕರೆಸಿಕೊಳ್ಳಲೇ ಇಲ್ಲ.

ಬಿಡುಗಡೆಯಾದ ಬೀರಪ್ಪ ನೇರ ನನ್ನ ಮನೆಗೆ ಬಂದ. ಅರ್ಧಕ್ಕರ್ಧ ಇಳಿದಿದ್ದ. "ನೀ ಏಳ್ದೆ, ಅವ್ರು ಕೇಳ್ಳಿಲ್ಲ. ಅದ್ಕೆ ನೀನೇನ್ ಮಾಡ್ತೀಯಣ್ಣ" ಅಂದ. ನನ್ನ ಹೆಂಡತಿ ಮುದ್ದೆ ಬಡಿಸಿದಳು. ಅವನು ಉಣ್ಣುವುದನ್ನು ನೋಡುತ್ತ ಕೂತಿದ್ದೆ. ಆಗಲೇ ಹೇಳಬಹುದಿತ್ತು — ಬಾಯಿಯವರೆಗೂ ಬಂದದ್ದು...

ತಂಗಿ ಇರುವವರೆಗೆ ಅವಳ ನೆಪ ಹೇಳಿಕೊಂಡೆ. ಅವಳು ಹೋದಳು. ಅವಳಿಗೂ ಮೊದಲೇ ಬೀರಪ್ಪ ತೀರಿಹೋಗಿದ್ದ. ಮೊನ್ನೆ ಹರೂರಿಗೆ ಬಸ್ಸು ಹತ್ತಿ ಲಕ್ಕಮ್ಮನ ಗುಡಿಸಲಿಗೆ ಹೋದೆ. ಆಡಿಗೆ ಸೊಪ್ಪು ಕಟ್ಟುತ್ತಿದ್ದಳು. ಒಂದನ್ನೂ ಬಿಡದೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ.

"ನಂಗೇಳಿ ಏನಾಯ್ತೈತೆ ಸಾಮಿ" ಅಂದಳು. "ಅವ್ನಿದ್ದಾಗ ಏಳ್ಬೇಕಿತ್ತು. ಸಾಯೋಗಂಟ ನಿನ್ನ ಒಳ್ಳೇವ್ನು ಅಂತಿದ್ದ."

ಉಳಿದ ಸೊಪ್ಪನ್ನೂ ಆಡಿನ ಮುಂದೆ ಕಟ್ಟಿ ಅವಳು "ಓಗು" ಅಂದಳು. ಎದ್ದು ಬಂದೆ.