ಬೆಣ್ಣಿಹಳ್ಳ ದಾಟಿದ ದಿನ

ಮೊನ್ನೆ ಅಮರಗೋಳದ ಹತ್ತಿರ ಯಾರೋ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರು. ಆ ಕಮಟು ವಾಸನೆಗೆ ನನ್ನ ಕಾಲು ಅಲ್ಲೇ ನಿಂತವು. ಎಷ್ಟೋ ವರ್ಷಗಳ ಮೇಲೆ ಸುವಾರ್ತೆ ಅವ್ವ ನೆನಪಾದಳು...

ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಹುಬ್ಬಳ್ಳಿಯ ಮಿಶನ್ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ. ಅವಳು ಹಳ್ಳಿಹಳ್ಳಿ ತಿರುಗಿ ಹೆಂಗಸರಿಗೆ ಯೇಸುವಿನ ಕಥೆ ಹೇಳುತ್ತಿದ್ದ ವಿಧವೆ. ಅಕ್ಷರ ಬಾರದು, ಕೇಳಿ ಕೇಳಿಯೇ ಎಲ್ಲ ಬಾಯಿಪಾಠ. ಆ ಮಳೆಗಾಲ ಮಿಶನ್ನಿನ ದೊರೆಸಾನಿಯವರು ನನ್ನನ್ನು ಅವಳ ಜೊತೆ ಶಿರಗುಪ್ಪಿ ಕಡೆ ಕಳಿಸಿದರು. ಓದು ಬಾರದವಳ ಹಿಂದೆ ನಾನು ಹೋಗಬೇಕೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಬೆಣ್ಣಿಹಳ್ಳದ ದಂಡೆಗೆ ಬಂದಾಗ ಮಧ್ಯಾಹ್ನ. ನೆತ್ತಿಯ ಮೇಲೆ ಬಿಸಿಲು, ನೀರು ಮೊಳಕಾಲುದ್ದ. ಗಾಡಿ ಹೊಡೆಯುತ್ತಿದ್ದ ಕಾಕಾ ಎತ್ತುಗಳನ್ನು ನಿಲ್ಲಿಸಿದ.

"ಅಕ್ಕೋರ, ನೀರು ರಾಡಿ ಆಗಾಕತ್ತೇತ್ರಿ. ಮ್ಯಾಲೆ ಎಲ್ಲೋ ಮಳಿ ಆಗೇತಿ."

"ನಿಂದ್ರೂಣು," ಎಂದಳು ಅವ್ವ.

ಆಚೆಯ ಹಳ್ಳಿಯಲ್ಲಿ ಜನ ನಮಗಾಗಿ ಕಾಯುತ್ತಿದ್ದರು. ನಾನು ಹಟ ಹಿಡಿದೆ. "ದೇವರ ಕೆಲಸಕ್ಕ ಹೊಂಟೇವಿ. ಆತನ ದಾಟಸ್ತಾನ. ನಿಮಗ ವಿಶ್ವಾಸ ಇಲ್ಲೇನು?"

ಅವ್ವ ನನ್ನ ಮುಖ ನೋಡಿದಳು. "ನಮ್ಮ ಅವಸರಾನ ದೇವರ ಮ್ಯಾಲೆ ಹೊರಸಬಾರದವ್ವಾ," ಎಂದಳಷ್ಟೆ. ನನ್ನ ಮಾತು ಮೀರಲಾರದೆ ಕಾಕಾ ಗಾಡಿ ಇಳಿಸಿದ.

ನಡುಹಳ್ಳದಲ್ಲಿ ಗಾಲಿ ಕೆಸರಿನಲ್ಲಿ ಹೂತಿತು. ಆಗ ಕೇಳಿಸಿತು... ಚೀಲಗಟ್ಟಲೆ ಜೋಳ ಸುರಿದಂಥ ಸದ್ದು, ಹತ್ತಿರ, ಇನ್ನೂ ಹತ್ತಿರ. ನೋಡುವಷ್ಟರಲ್ಲಿ ನೀರು ಹಲಗೆಯ ಮೇಲೆ ಬಂತು. ಕಾಕಾ ಎತ್ತುಗಳ ಕೊರಳ ಹಗ್ಗ ಕೊಯ್ದು ಅವುಗಳೊಂದಿಗೆ ಈಸಿದ. ಪುಸ್ತಕದ ಪೆಟ್ಟಿಗೆ ತೇಲಿಹೋಯಿತು. ಗಾಡಿ ವಾಲಿತು. ಕಲಿತ ಒಂದು ಪ್ರಾರ್ಥನೆಯೂ ನನಗೆ ನೆನಪಾಗಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಅವ್ವನ ಸೊಂಟಕ್ಕೆ ಜೋತುಬಿದ್ದೆ. ಅವಳೂ ನಡುಗುತ್ತಿದ್ದಳು, ಅದು ತಿಳಿದು ನನ್ನ ಜೀವ ಇನ್ನಷ್ಟು ಹಾರಿತು. "ತಂದೀ, ಕೈ ಬಿಡಬ್ಯಾಡ... ಕೈ ಬಿಡಬ್ಯಾಡ..." ಅವಳ ಬಾಯಲ್ಲಿ ಅದೊಂದೇ. ಹಾಗೆನ್ನುತ್ತಲೇ ತನ್ನ ಸೆರಗು ಹರಿದು ನನ್ನ ಕೈಯನ್ನು ಗಾಡಿಯ ಗೂಟಕ್ಕೆ ಕಟ್ಟಿದಳು. ತಾನು ಬರಿಗೈಯಲ್ಲೇ ಹಿಡಿದುಕೊಂಡಳು.

ದಂಡೆ ಸೇರಿದ ಕಾಕಾನ ಕೂಗಿಗೆ ಹೊಲದಲ್ಲಿದ್ದ ರೈತರು ಹಗ್ಗ ತಂದರು. ಒಬ್ಬರ ಕೈ ಒಬ್ಬರು ಹಿಡಿದು ನೀರಿಗಿಳಿದು, ಯಾರು ಏನು ಎಂದು ಕೇಳದೆ ನಮ್ಮನ್ನು ಎಳೆದುಹಾಕಿದರು. ಅವರ ಮನೆಯಲ್ಲಿ, ಹಣೆತುಂಬ ವಿಭೂತಿ ಹಚ್ಚಿದ್ದ ಮುದುಕಿಯೊಬ್ಬಳ ಹಳೆ ಸೀರೆ ಉಟ್ಟು, ಅವಳು ಕೊಟ್ಟ ಬಿಸಿ ಅಂಬಲಿ ಕುಡಿಯುತ್ತ ಒಲೆಯ ಮುಂದೆ ಕೂತೆ. ಕಲಿಸಲು ಬಂದವಳು ನಾನು, ಇನ್ನೊಂದು ಬಟ್ಟಲಿಗೆ ಕೈಯೊಡ್ಡಿದೆ.

"ನೀವೂ ಹೆದರಿದ್ರೇನು?" ಅವ್ವನನ್ನು ಮೆಲ್ಲಗೆ ಕೇಳಿದೆ.

"ಭಾಳ ಹೆದರಿದ್ನಿ. ಅದಕ್ಕ ಅಷ್ಟು ಗಟ್ಟಿಯಾಗಿ ಕರದ್ನಿ."

ಹುಬ್ಬಳ್ಳಿಗೆ ಬಂದ ಮೇಲೆ ದೊರೆಸಾನಿಯವರು ನಮ್ಮಿಬ್ಬರನ್ನೂ ಕರೆದು, ಆ ನೀರಿಗೆ ಗಾಡಿ ಇಳಿಸಲು ಹೇಳಿದ್ದು ಯಾರು ಎಂದು ಕೇಳಿದರು.

"ಇಬ್ಬರೂ ಕೂಡೇ ದಾಟಿದ್ವಿರಿ," ಎಂದಳು ಅವ್ವ.

ಹಿರಿಯಳೆಂದು ಬೈಗುಳೆಲ್ಲ ಅವಳಿಗೇ ಬಿತ್ತು. ನಾನು ತಲೆ ತಗ್ಗಿಸಿ ನಿಂತೇ ಇದ್ದೆ.

ಆಮೇಲೆ ನಾಲ್ಕು ವರ್ಷ ಅವಳ ಚೀಲ ಹೊತ್ತು ಹಿಂದೆ ನಡೆದೆ. ಅವಳು ನಿಲ್ಲು ಎಂದಲ್ಲಿ ನಿಂತೆ. ಆದರೆ ತಪ್ಪಾಯಿತು ಎಂಬ ಒಂದು ಮಾತು... ನಾಳೆ ಹೇಳಿದರಾಯಿತು ಎನ್ನುತ್ತಲೇ ಬೆಳಗಾವಿಗೆ ವರ್ಗವಾಗಿ ಹೋದೆ. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ಎಂಟು ದಿನ ಕಳೆದಿತ್ತು.

ಈಗ ನಾನು ಅವಳ ಆಗಿನ ವಯಸ್ಸನ್ನು ದಾಟಿದ್ದೇನೆ. ದೊರೆಸಾನಿಯವರಿಲ್ಲ, ಕಾಕಾ ಇಲ್ಲ, ನಾನು ಯಾರಿಗೆ ಹೇಳಬೇಕಿತ್ತೋ ಅವರು ಒಬ್ಬರೂ ಉಳಿದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಗಾಡಿ ಇಳಿಸಲು ಹೇಳಿದ್ದು ನಾನು.